ಅರವತ್ತನಾಲ್ಕನೇ ಪುಟ

ಮಂಜಯ್ಯ ವಕೀಲರ ಮನೆಯಲ್ಲಿ ಜಗಳ ಶುರುವಾದದ್ದು ಅವರೇ ಬರೆದ ಪುಸ್ತಕದ ಅರವತ್ತನಾಲ್ಕನೇ ಪುಟದಿಂದ. ‘ಪಾಲು ಪಾರೀಕತ್ತು: ಪ್ರಶ್ನೆ ಮತ್ತು ಉತ್ತರ’ ಎಂಬ ಆ ಪುಸ್ತಕವನ್ನು ಕಳಸದಿಂದ ಆಲ್ದೂರಿನವರೆಗೆ ಕಾಣದವರಿಲ್ಲ. ಅಣ್ಣತಮ್ಮಂದಿರು ತೋಟ ಹಂಚಿಕೊಳ್ಳುವ ಮಾತೆತ್ತಿದರೆ ಮೊದಲು ಪುಸ್ತಕ ಹೊರಗೆ ಬರುತ್ತಿತ್ತು, ಆಮೇಲೆ ಕತ್ತಿ. ಮೂಡಿಗೆರೆಯ ಎಷ್ಟೋ ವಕೀಲರು ಕಾನೂನಿನ ದಪ್ಪ ಗ್ರಂಥ ಬಿಚ್ಚುವುದನ್ನೇ ಬಿಟ್ಟು, ‘ಮಂಜಯ್ಯನವರು ಏನು ಬರೆದಿದ್ದಾರೆ ನೋಡು’ ಎನ್ನುತ್ತಿದ್ದರು. ಇದರಿಂದ ಮಂಜಯ್ಯನವರಿಗೆ ಎಷ್ಟು ಖುಷಿಯೆಂದರೆ, ಅದನ್ನು ಮುಚ್ಚಿಡುವುದಕ್ಕಾಗಿಯೇ ಅವರು ಸದಾ ಹುಬ್ಬು ಗಂಟಿಕ್ಕಿಕೊಂಡಿರುತ್ತಿದ್ದರು.

ಮೂರು ವರ್ಷದಲ್ಲಿ ಪುಸ್ತಕ ಎರಡು ಸಲ ಅಚ್ಚಾಗಿ ಖರ್ಚಾಗಿತ್ತು. ೧೯೯೮ರ ಜನವರಿಯಲ್ಲಿ ಮೂರನೇ ಮುದ್ರಣದ ಕರಡು ಚಿಕ್ಕಮಗಳೂರಿನ ಪ್ರೆಸ್ಸಿನಿಂದ ಬಂತು. ತಿದ್ದಲು ಕೂತವಳು ಸೊಸೆ ದಿವ್ಯಾ. ಅವಳೂ ಕಾನೂನು ಓದಿದವಳು, ಮೂಡಿಗೆರೆಯಲ್ಲಿ ಮಾವನ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದಳು. ಬೆಳಗಿನ ತಿಂಡಿಯ ಹೊತ್ತು. ಊಟದ ಮೇಜಿನ ಒಂದು ತುದಿಯಲ್ಲಿ ಅತ್ತೆ ದ್ಯಾವಮ್ಮ ಅವರೆಕಾಯಿ ಸುಲಿಯುತ್ತಿದ್ದರು, ಇನ್ನೊಂದು ತುದಿಯಲ್ಲಿ ದಿವ್ಯಾ ಕೆಂಪು ಪೆನ್ನು ಹಿಡಿದು ಕೂತಿದ್ದಳು.

“ಮಾವ, ಅರವತ್ತನಾಲ್ಕನೇ ಪುಟ ತಪ್ಪಿದೆ,” ಎಂದಳು.

“ಅಚ್ಚುಮೊಳೆ ಜೋಡಿಸೋನು ನಿದ್ದೆಗಣ್ಣಲ್ಲಿ ಜೋಡಿಸಿರ್ತಾನೆ. ತಿದ್ದು,” ಎಂದರು ಮಂಜಯ್ಯ, ರೊಟ್ಟಿ ಮುರಿಯುತ್ತ.

“ಅಕ್ಷರ ಸರಿಯಾಗೇ ಇದೆ ಮಾವ. ತಪ್ಪಿರೋದು ಕಾನೂನು.”

ದ್ಯಾವಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡನಿಗೆ ಆ ಮಾತನ್ನು ಹೇಳಿದವರನ್ನು ಅವರು ಕಂಡಿರಲಿಲ್ಲ.

ಆ ಪುಟದಲ್ಲಿದ್ದ ಪ್ರಶ್ನೆ ಇದು: ‘ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ ಆದ ಮೇಲೆ ಹೆಣ್ಣುಮಗಳು ಪಾಲು ಕೇಳಬಹುದೇ?’ ಉತ್ತರ: ‘ಇಲ್ಲ. ಯಾರಿಗೆ ಎಷ್ಟು ಪಾಲು ಎಂದು ನ್ಯಾಯಾಲಯ ಹೇಳಿದ ದಿನವೇ ಬಾಗಿಲು ಮುಚ್ಚಿತು.’

ಹೊಸ ಕಾನೂನು ಜಾರಿಗೆ ಬಂದದ್ದು ೧೯೯೪ರ ಜುಲೈ ಮೂವತ್ತರಂದು. ಆ ದಿನಕ್ಕೆ ಮದುವೆಯಾಗಿರದ ಹೆಣ್ಣುಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನ ಸಮ ಪಾಲು. ಆದರೆ ಅಷ್ಟರೊಳಗೆ ಪಾಲು ಆಗಿಹೋಗಿದ್ದರೆ ಇಲ್ಲ. ಪಾಲು ‘ಆಗಿಹೋಗುವುದು’ ಯಾವಾಗ? ಯಾರಿಗೆ ಎಷ್ಟು ಎಂದು ಕೋರ್ಟು ಹೇಳಿದ ದಿನವೋ, ಫೈನಲ್ ಡಿಕ್ರಿ ಆಗಿ, ಅಳೆದು ಗಡಿ ಹಾಕಿ ಅವರವರದ್ದು ಅವರವರ ಕೈಗೆ ಕೊಟ್ಟ ದಿನವೋ? ಮಂಜಯ್ಯನವರ ಪುಸ್ತಕ ಮೊದಲನೆಯದು ಎನ್ನುತ್ತಿತ್ತು. ದಿವ್ಯಾ ಆಫೀಸಿನ ಹಳೆಯ ಸಂಪುಟದಲ್ಲಿ ಹುಡುಕಿ ತಂದಿದ್ದ ಸುಪ್ರೀಂ ಕೋರ್ಟಿನ ತೀರ್ಪು ಎರಡನೆಯದು ಎನ್ನುತ್ತಿತ್ತು.

“ಇದು ಬೇರೆ ರಾಜ್ಯದ ಕಾನೂನಿನ ಮೇಲೆ ಬಂದಿದ್ದು,” ಎಂದರು ಮಂಜಯ್ಯ. “ಪಕ್ಕದ ಮನೆ ಮದುವೆಗೆ ನಮ್ಮನೇಲಿ ಚಪ್ಪರ ಹಾಕ್ತಾರಾ?”

“ಎರಡೂ ಕಾನೂನಿನ ಮಾತು ಒಂದೇ ಮಾವ. ಪಕ್ಕದಲ್ಲಿಟ್ಟು ಓದಿ ನೋಡಿ.”

ಮಂಜಯ್ಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಮೂರನೇ ಸಲ ಗಟ್ಟಿಯಾಗಿ ಓದತೊಡಗಿ ಅರ್ಧಕ್ಕೆ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಕಾಫಿ ಕಣದಿಂದ ಮಗ ಮಲ್ಲಿಕಾರ್ಜುನ ತಿಂಡಿಗೆ ಬಂದ. ಹಣ್ಣು ಕೊಯ್ಲಿನ ಸಮಯ, ಅವನಿಗೆ ನಿಂತು ನೀರು ಕುಡಿಯಲೂ ಪುರುಸೊತ್ತಿರಲಿಲ್ಲ.

“ಎಂತದು, ಎಲ್ಲ ಬಾಯಿ ಮುಚ್ಕೊಂಡು ಕೂತಿದೀರಿ?” ಎಂದ.

ದಿವ್ಯಾ ಹೇಳಿದಳು. ಅವಳಿಗೆ ಉತ್ಸಾಹದಲ್ಲಿ ಮಾತು ಎಡವುತ್ತಿತ್ತು. ಇಷ್ಟು ದಿನ ತಾಲ್ಲೂಕಿನ ವಕೀಲರೆಲ್ಲ ಇಲ್ಲ ಎಂದು ಕಳಿಸಿದ್ದನ್ನು ಒಂದು ತೀರ್ಪು ಹೌದು ಎನ್ನುತ್ತಿದೆ ಎಂದರೆ ಯಾವ ಜೂನಿಯರ್ ವಕೀಲಳಿಗೆ ತಾನೇ ಮೈ ಜುಮ್ಮೆನ್ನುವುದಿಲ್ಲ?

“ಅಂದ್ರೆ ಯಾರ್ಯಾರಿಗೆ ಬರುತ್ತೆ ಪಾಲು?” ಎಂದು ಕೇಳಿದ ಮಲ್ಲಿಕಾರ್ಜುನ.

“ಫೈನಲ್ ಡಿಕ್ರಿ ಇನ್ನೂ ಆಗ್ದೇ ಇರೋ ದಾವೆಗಳಲ್ಲಿ, ಆ ತಾರೀಕಿಗೆ ಮದುವೆ ಆಗಿರದ ಹೆಣ್ಣುಮಕ್ಕಳಿಗೆಲ್ಲ.”

“ನಮ್ಮ ದಾವೇಲೂ ಫೈನಲ್ ಆಗಿಲ್ಲ.”

“ಇಲ್ಲ.”

“ನಮ್ಮ ಧನ್ಯನ ಮದುವೆ ಆಗಿದ್ದು...” ಅವನು ತಂಗಿಯ ಮದುವೆಯ ತಿಂಗಳನ್ನು ತಲೆಯಲ್ಲೇ ಎಣಿಸಿದ. “ತೊಂಬತ್ತನಾಲ್ಕರ ಆಗಸ್ಟು.”

“ಹದಿನೆಂಟು,” ಎಂದಳು ದಿವ್ಯಾ. ಹೇಳಿದ ಮೇಲೆ ಅವಳಿಗೆ ತಾನು ಎಲ್ಲಿಗೆ ಬಂದು ನಿಂತೆ ಎಂದು ಗೊತ್ತಾಯಿತು.

ಮಂಜಯ್ಯನವರಿಗೂ ಅವರ ಅಣ್ಣನ ಮಗ ಚನ್ನಕೇಶವನಿಗೂ ಮೂವತ್ತಾರು ಎಕರೆ ತೋಟದ ಪಾಲಿನ ದಾವೆ ಹನ್ನೆರಡು ವರ್ಷದಿಂದ ನಡೆಯುತ್ತಿತ್ತು. ಅರ್ಧ ಅರ್ಧ ಎಂದು ತೊಂಬತ್ತೆರಡರಲ್ಲೇ ಪ್ರಾಥಮಿಕ ಡಿಕ್ರಿ ಆಗಿತ್ತು. ದಾರಿ ಯಾರಿಗೆ ಎಂಬ ತಕರಾರಿನಲ್ಲಿ ಫೈನಲ್ ಡಿಕ್ರಿ ಮಾತ್ರ ನಿಂತಿತ್ತು. ಬರುವ ಹದಿನೆಂಟು ಎಕರೆಯಲ್ಲಿ ಅಪ್ಪನಿಗೆ ಒಂಬತ್ತು, ಮಗನಿಗೆ ಒಂಬತ್ತು ಎಂದು ಮನೆಯಲ್ಲಿ ಎಲ್ಲರ ಲೆಕ್ಕ. ಈಗ ಅದು ಮೂರು ಭಾಗವಾಗುತ್ತಿತ್ತು.

“ಕರಡು ತಿದ್ದು ಅಂದ್ರೆ ಮನೇನೇ ತಿದ್ದೋಕೆ ಹೊರಟಿದೀಯಲ್ಲ ಮಾರಾಯ್ತಿ,” ಎಂದ ಮಲ್ಲಿಕಾರ್ಜುನ, ತಟ್ಟೆ ಮುಟ್ಟದೆ ಎದ್ದು.

“ಅನ್ನದ ಮುಂದೆ ಕೋರ್ಟು ಬೇಡ,” ಎಂದರು ದ್ಯಾವಮ್ಮ. ಆ ಮನೆಯಲ್ಲಿ ಅದೊಂದೇ ಕಾನೂನು ಇಲ್ಲಿಯವರೆಗೆ ಯಾವ ತೀರ್ಪಿನಿಂದಲೂ ಬದಲಾಗಿರಲಿಲ್ಲ. ಆವತ್ತು ಅದೂ ಮುರಿಯಿತು.

ಸಂಕ್ರಾಂತಿಗೆ ಬಾ ಎಂದು ಕರೆಯಲು ದ್ಯಾವಮ್ಮ ಆಲ್ದೂರಿಗೆ ಮಗಳಿಗೆ ಫೋನು ಮಾಡಿದರು. ಎಳ್ಳಿನ ಮಾತು, ಬೆಲ್ಲದ ಮಾತು ಮುಗಿದ ಮೇಲೆ ಬಾಯಿ ತಪ್ಪಿ ಪುಟದ ಮಾತೂ ಬಂತು. ಬಾಯಿ ತಪ್ಪಿತೋ, ತಪ್ಪಿಸಿದರೋ, ಅದನ್ನು ದ್ಯಾವಮ್ಮನೇ ಹೇಳಬೇಕು. ಧನ್ಯಶ್ರೀ ಹಬ್ಬದವರೆಗೆ ಕಾಯಲಿಲ್ಲ. ಮಾರನೇ ದಿನದ ಮೊದಲ ಬಸ್ಸಿಗೆ ಬಂದಿಳಿದಳು.

ಅವಳ ಗಂಡ ಅರುಣನಿಗೆ ಆಲ್ದೂರಿನಲ್ಲಿ ಪಂಪ್‌ಸೆಟ್ಟು ರಿಪೇರಿಯ ಅಂಗಡಿ. ಒಳ್ಳೆಯವನು, ಆದರೆ ಕಾಫಿ ಗಿಡಕ್ಕೂ ಕರಿಬೇವಿನ ಗಿಡಕ್ಕೂ ವ್ಯತ್ಯಾಸ ಕಾಣದವನು. ಧನ್ಯಶ್ರೀ ಹಾಗಲ್ಲ. ಹದಿನೇಳನೇ ವಯಸ್ಸಿಗೆ ಅಪ್ಪನ ನರ್ಸರಿಯಲ್ಲಿ ಚೀಲ ತುಂಬಿ, ಬೀಜ ಊರಿ, ಹಳ್ಳದ ಪಕ್ಕದ ಆರು ಎಕರೆಗೆ ರೋಬಸ್ಟಾ ಗಿಡ ಎಬ್ಬಿಸಿದವಳು ಅವಳೇ. ಆ ತುಂಡಿಗೆ ಹಳ್ಳದ ತೋಟ ಎಂದೇ ಹೆಸರು. ಬೇಸಿಗೆಯಲ್ಲೂ ನೀರು, ಹೂಮಳೆ ಬಾರದಿದ್ದರೂ ಸ್ಪ್ರಿಂಕ್ಲರ್ ತಿರುಗಿಸಿ ಹೂವು ಅರಳಿಸಬಹುದು. ಮನೆಯಲ್ಲಿ ಎಲ್ಲರ ಕಣ್ಣೂ ಅದರ ಮೇಲೆ.

“ಅಪ್ಪಯ್ಯ, ತೊಂಬತ್ತೈದರಲ್ಲಿ ನಾನು ನಿಮ್ಮನ್ನ ಕೇಳಿದ್ದೆ, ನಂಗೆ ಪಾಲು ಬರುತ್ತಾ ಅಂತ,” ಎಂದಳು ಚೀಲ ಕೆಳಗಿಡುವ ಮೊದಲೇ. “ನೀವು ಬಾಗಿಲು ಮುಚ್ಚಿದೆ ಮಗಳೇ ಅಂದ್ರಿ. ಸೀರೆ ಕೊಟ್ಟು ಕಳಿಸಿದ್ರಿ.”

“ಆವತ್ತು ನನಗೆ ತಿಳಿದಿದ್ದು ಹೇಳಿದೆ.”

“ಇವತ್ತು ತಿಳಿದಿದ್ದು ಹೇಳಿ.”

ಮಂಜಯ್ಯ ಕರಡಿನ ಕಟ್ಟನ್ನು ಕಂಕುಳಲ್ಲಿ ಅಮುಕಿ ಹಿಡಿದಿದ್ದರು. ಆ ಪುಟ ನಂಬಿ ಎಷ್ಟು ಜನ ಹೆಣ್ಣುಮಕ್ಕಳನ್ನು ತಾನೇ ವಾಪಸು ಕಳಿಸಿದ್ದೇನೆ ಎಂದು ಅವರು ಎಣಿಸಲು ಶುರುಮಾಡಿ, ಇಪ್ಪತ್ತರ ಹತ್ತಿರ ಬಿಟ್ಟುಬಿಟ್ಟಿದ್ದರು. “ಕೋರ್ಟಿಗೆ ಅರ್ಜಿ ಹಾಕು,” ಎಂದರು. “ಕೋರ್ಟು ಕೊಡು ಅಂದ್ರೆ ಕೊಡ್ತೀನಿ.”

“ಅಲ್ಲಿ ನಿಮ್ಮ ಪುಸ್ತಕಾನೇ ನನ್ನ ಮುಖಕ್ಕೆ ಹಿಡೀತಾರೆ.”

“ಹಿಡೀಲಿ.”

ಮಲ್ಲಿಕಾರ್ಜುನ ಬಾಗಿಲಲ್ಲಿ ನಿಂತಿದ್ದ. “ಹದಿನೈದು ವರ್ಷ ಆ ತೋಟದಲ್ಲಿ ಚಳಿ ಮಳೆ ಅಂತ ನೋಡ್ದೆ ದುಡಿದೋನು ನಾನು,” ಎಂದ. “ನೀನು ಗಿಡ ನೆಟ್ಟು ಆಲ್ದೂರಿಗೆ ಹೋದೆ. ಕೊಂಬೆ ಕಡಿದು ಕಸಿ ಮಾಡಿದ್ದು ಯಾರು, ಕಾಯಿ ಕೊರೆಯೋ ಬೋರರ್ ಹುಳ ಆರಿಸಿದ್ದು ಯಾರು?”

“ನಾನಾಗಿ ಹೋದ್ನಾ ಅಣ್ಣ? ಮದುವೆ ಮಾಡಿ ಕಳಿಸಿದ್ರಿ. ಇಲ್ಲೇ ಇರು ಅಂದಿದ್ರೆ ಇರ್ತಿದ್ದೆ. ನಂಗೆ ತೋಟ ಬೇಕು. ನಿನ್ನ ಪಾಲಲ್ಲ, ನನ್ನ ಪಾಲು.” ಆಮೇಲೆ ಅವಳು ದಿವ್ಯಾಳ ಕಡೆ ತಿರುಗಿದಳು. “ಅತ್ತಿಗೆ, ನನ್ನ ವಕಾಲತ್ತು ನೀವೇ ಹಾಕ್ಬೇಕು.”

ದಿವ್ಯಾ ಗಂಡನ ಮುಖ ನೋಡಿದಳು. ಅವನು ಕಣದ ಕಡೆ ನೋಡುತ್ತಿದ್ದ. ಎರಡೂವರೆ ವರ್ಷದ ಮಗಳು ನಿಖಿತಾ ಅವನ ಕಾಲಿಗೆ ಜೋತುಬಿದ್ದಿದ್ದಳು.

“ಹಾಕ್ತೀನಿ,” ಎಂದಳು ದಿವ್ಯಾ.

“ಗಂಡನ ಮೇಲೆ ಕೇಸು ನಡೆಸ್ತೀಯಾ?” ಎಂದ ಅವನು.

“ನಿಮ್ಮ ಮೇಲಲ್ಲ ರೀ. ಆ ಪುಟದ ಮೇಲೆ. ನಾಳೆ ನಿಖಿತಾ ದೊಡ್ಡವಳಾಗಿ ಬಂದು ಕೇಳಿದ್ರೆ, ಅವಳಿಗೂ ಇದೇ ಪುಟ ಓದಿ ಹೇಳ್ತೀರಾ?”

ಅವನು ಮಧ್ಯಾಹ್ನದೊಳಗೆ ಚಿಕ್ಕಮಗಳೂರಿನ ಶಾಂತವೀರಪ್ಪ ವಕೀಲರಿಗೆ ಫೋನು ಮಾಡಿ ತನ್ನ ಪರ ನಿಲ್ಲಲು ಕೇಳಿಕೊಂಡ. ಶಾಂತವೀರಪ್ಪನವರು ಎರಡು ಮಾತಿಲ್ಲದೆ ಒಪ್ಪಿದರು. ಮಂಜಯ್ಯನವರ ಮನೆಯ ಕೇಸನ್ನು ಮಂಜಯ್ಯನವರ ಪುಸ್ತಕದಿಂದಲೇ ಗೆಲ್ಲುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ?

ಆಮೇಲಿನ ನಾಲ್ಕು ವಾರ ಆ ಮನೆಯಲ್ಲಿ ಅಡುಗೆ ಒಂದೇ, ಊಟ ಮೂರು ಕಡೆ. ಮಂಜಯ್ಯ ಓದುವ ಕೋಣೆಯಲ್ಲಿ, ಮಲ್ಲಿಕಾರ್ಜುನ ಕಣದಲ್ಲಿ, ದಿವ್ಯಾ ಅಡುಗೆಮನೆಯಲ್ಲಿ ಅತ್ತೆಯ ಜೊತೆ. ಗಂಡ ಹೆಂಡಿರ ನಡುವೆ ಮಾತು ನಡೆಯುತ್ತಿದ್ದದ್ದು ನಿಖಿತಾಳ ಮೂಲಕ.

“ನಿಖಿತಾ, ನಿಮ್ಮಮ್ಮಂಗೆ ಹೇಳು, ಸ್ನಾನಕ್ಕೆ ನೀರು ಕಾದಿದೆ ಅಂತ.”

“ನಿಖಿತಾ, ನಿಮ್ಮಪ್ಪಂಗೆ ಹೇಳು, ನೀರು ಕಾಯಿಸಿದ್ದೇ ನಾನು ಅಂತ.”

ಮಗು ಎರಡು ಕಡೆಯೂ ಓಡಿ, ಎರಡು ಕಡೆಯೂ ‘ನೀಯು’ ಎಂದಷ್ಟೇ ಹೇಳಿ ಬರುತ್ತಿತ್ತು. ದ್ಯಾವಮ್ಮ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಪ್ರೆಸ್ಸಿನವನು ಎರಡು ಸಲ ಫೋನು ಮಾಡಿ ಕರಡು ಕೇಳಿದ. ಮಂಜಯ್ಯ ಎರಡು ಸಲವೂ “ನೋಡೋಣ” ಎಂದರು. ಕಳಿಸಲೂ ಇಲ್ಲ, ತಿದ್ದಲೂ ಇಲ್ಲ.

ಫೆಬ್ರವರಿ ಹತ್ತಕ್ಕೆ ಚಿಕ್ಕಮಗಳೂರಿನ ಕೋರ್ಟಿನಲ್ಲಿ ಅರ್ಜಿ ವಿಚಾರಣೆಗೆ ಬಂತು. ಅತ್ತಿಗೆ ನಾದಿನಿಯ ಪರ, ಎದುರಿಗೆ ಗಂಡ, ನಡುವೆ ಮಾವನ ಪುಸ್ತಕ. ಇಂಥ ನಾಟಕ ಬಿಟ್ಟಿ ನೋಡಲು ಸಿಗುವಾಗ ಯಾರು ಬಿಡುತ್ತಾರೆ? ಬೇರೆ ಕೋರ್ಟುಗಳಲ್ಲಿ ಕೆಲಸವಿದ್ದ ವಕೀಲರೂ ಬಂದು ಗೋಡೆಗೆ ಒರಗಿ ನಿಂತರು. ಶಾಂತವೀರಪ್ಪನವರು ಎದ್ದು ಮಂಜಯ್ಯನವರ ಪುಸ್ತಕ ಬಿಚ್ಚಿದರು. ದೇವಸ್ಥಾನದಲ್ಲಿ ಮಂತ್ರ ಹೇಳುವಷ್ಟು ಭಕ್ತಿಯಿಂದ ಅರವತ್ತನಾಲ್ಕನೇ ಪುಟ ಓದಿದರು.

“‘ಬಾಗಿಲು ಮುಚ್ಚಿತು.’ ಮಹಾಸ್ವಾಮಿ, ಇದನ್ನು ಬರೆದವರು ಅರ್ಜಿದಾರಳ ತಂದೆಯವರೇ. ಈ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಆಧಾರ ನನಗೆ ಗೊತ್ತಿಲ್ಲ.”

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಂಜಯ್ಯ ತಲೆ ಎತ್ತಲಿಲ್ಲ. ದಿವ್ಯಾ ಎದ್ದಳು. “ಪುಸ್ತಕ ಕಾನೂನಿನ ಹಿಂದೆ ನಡೆಯಬೇಕು ಮಹಾಸ್ವಾಮಿ, ಕಾನೂನು ಪುಸ್ತಕದ ಹಿಂದೆ ನಡೆಯೋದಿಲ್ಲ,” ಎಂದಳು. ಎರಡು ರಾಜ್ಯದ ಕಾನೂನುಗಳ ಒಂದೊಂದು ಸಾಲನ್ನೂ ಅಕ್ಕಪಕ್ಕ ಓದಿದಳು. ಆಮೇಲೆ ತೀರ್ಪನ್ನು ಮುಂದಿಟ್ಟಳು. ನ್ಯಾಯಾಧೀಶರು ಸಂಪುಟ ತರಿಸಿ, ಅದೇ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಆ ಪೆನ್ಸಿಲು ಆಡಿದ್ದನ್ನು ನೋಡಿ ಧನ್ಯಶ್ರೀ, ಗೆದ್ದೇಬಿಟ್ಟೆವು ಎಂದು ಪಕ್ಕದಲ್ಲಿದ್ದ ಅರುಣನ ಕೈ ಹಿಂಡಿದಳು.

ಶಾಂತವೀರಪ್ಪನವರು ಅವಸರವಿಲ್ಲದೆ ಕಡತದಿಂದ ಒಂದು ಹಳದಿ ಕಾಗದ ತೆಗೆದರು.

“ತೀರ್ಪು ಒಪ್ಪೋಣ ಮಹಾಸ್ವಾಮಿ. ಆದರೆ ಅದು ಮದುವೆಯಾಗಿರದ ಮಗಳಿಗೆ. ಇದು ಅರ್ಜಿದಾರಳ ಲಗ್ನಪತ್ರಿಕೆ. ೧೯೯೪ರ ಜೂನ್ ಹತ್ತೊಂಬತ್ತು, ಭಾನುವಾರ. ಜುಲೈ ಮೂವತ್ತಕ್ಕೆ ಆಕೆ ಆಲ್ದೂರಿನ ಸೊಸೆ. ಇನ್ನು ಆಗಸ್ಟಿನಲ್ಲಿ ಮದುವೆ ಅನ್ನುತ್ತಾರೆ. ಮಲೆನಾಡಿನಲ್ಲಿ ಆಗಸ್ಟು ತಿಂಗಳು ಮದುವೆ ಇಟ್ಟುಕೊಳ್ಳುವ ಬುದ್ಧಿವಂತರು ಯಾರಿದ್ದಾರೆ ಸ್ವಾಮಿ?”

ಕೋರ್ಟು ನಕ್ಕಿತು. ದಿವ್ಯಾಳ ಕಿವಿ ಬಿಸಿಯಾಯಿತು. ಆ ಪತ್ರಿಕೆ ಅವಳಿಗೆ ಗೊತ್ತು. ಮನೆಯ ಬೀರುವಿನಲ್ಲಿ ಅತ್ತೆಯ ರೇಷ್ಮೆ ಸೀರೆಗಳ ಅಡಿಯಲ್ಲಿ ಇದ್ದದ್ದು.

ಜೂನ್ ಹತ್ತೊಂಬತ್ತಕ್ಕೆ ಮದುವೆ ನಿಶ್ಚಯವಾದದ್ದು ನಿಜ. ಹದಿನಾಲ್ಕಕ್ಕೆ ಮಂಜಯ್ಯನವರ ತಾಯಿ ತೀರಿಕೊಂಡರು. ಸೂತಕ ಕಳೆದು ಮುಹೂರ್ತ ನೋಡುವಷ್ಟರಲ್ಲಿ ಆಷಾಢ ಬಂತು. ಶ್ರಾವಣದಲ್ಲಿ, ಸುರಿವ ಮಳೆಯಲ್ಲಿ, ಗಂಡಿನ ಮನೆಯ ಹಜಾರದಲ್ಲೇ ಧಾರೆಯಾಯಿತು. ಒಂದೇ ಮದುವೆಗೆ ಎರಡು ಸಲ ಪತ್ರಿಕೆ ಅಚ್ಚು ಹಾಕಿಸಿದರೆ ಮತ್ತೊಂದು ವಿಘ್ನ ಬರುತ್ತದೆ ಎಂದು ಮನೆಯ ಹಿರಿಯರು ಹೊಸದು ಹಾಕಿಸಲು ಬಿಡಲಿಲ್ಲ. ತೋಟದ ಮೇಸ್ತ್ರಿ ಚಿಕ್ಕಯ್ಯನ ಕೈಯಲ್ಲಿ ಎಲೆ ಅಡಿಕೆ ಕೊಟ್ಟು ಮನೆಮನೆಗೆ ಬಾಯಿಮಾತಿನಲ್ಲಿ ಹೇಳಿಸಿದರು. ಹೀಗಾಗಿ ನಡೆಯದ ಮದುವೆಗೆ ಪತ್ರಿಕೆಯಿತ್ತು, ನಡೆದ ಮದುವೆಗೆ ಒಂದು ಚೂರು ಕಾಗದವಿರಲಿಲ್ಲ.

ಸಾಕ್ಷಿಗೆ ಮಾರ್ಚ್ ಆರನೇ ತಾರೀಕು ಕೊಟ್ಟರು.

ಮನೆಗೆ ಬಂದ ದಿವ್ಯಾ ನಿಖಿತಾಳನ್ನು ನಡುವೆ ತರಲಿಲ್ಲ. ನೆಟ್ಟಗೆ ಕಣಕ್ಕೆ ಹೋದಳು. ಮಲ್ಲಿಕಾರ್ಜುನ ಹರಡಿದ ಕಾಫಿಯನ್ನು ಕಾಲಿನಿಂದ ಸಾಲುಬಿಡಿಸುತ್ತಿದ್ದ.

“ಆ ಪತ್ರಿಕೆ ಕೊಟ್ಟಿದ್ದು ಯಾರು?”

“ವಕೀಲರು ಮದುವೆ ಕಾಗದ ಇದ್ರೆ ಕೊಡಿ ಅಂದ್ರು. ಇತ್ತು, ಕೊಟ್ಟೆ. ಸುಳ್ಳು ಅಂತೂ ನಾನು ಹೇಳಿಲ್ಲ.”

“ಹೇಳ್ದೇನೇ ಹೇಳ್ಸಿದ್ರಲ್ಲ.”

ಅಷ್ಟರಲ್ಲಿ ದ್ಯಾವಮ್ಮ ಬಂದರು. ಅವರಿಗೆ ಅರುಣ ಫೋನಿನಲ್ಲಿ ಎಲ್ಲ ಹೇಳಿದ್ದ. ಕಾಫಿ ತುಳಿಯಬಾರದು ಎಂದು ಯಾವತ್ತೂ ಕಣದ ಅಂಚಿನಲ್ಲಿ ನಿಲ್ಲುವವರು ಅಂದು ನಡುವಿನಲ್ಲೇ ನಡೆದು ಬಂದರು.

“ನಿಮ್ಮಜ್ಜಿ ಯಾವತ್ತು ಸತ್ತಿದ್ದು ಮಲ್ಲಿ?”

ಅವನು ಮತ್ತೆ ಕಾಫಿಯ ಸಾಲು ಬಿಡಿಸತೊಡಗಿದ.

“ನಿನ್ನ ತೊಡೆ ಮೇಲೆ ಜೀವ ಬಿಟ್ಟಿದ್ದು ಅವರು. ಮೂರು ದಿನ ನೀನು ಅನ್ನ ಮುಟ್ಲಿಲ್ಲ. ಐದು ದಿನಕ್ಕೆ ನಾವೆಲ್ಲ ಮದುವೆ ಊಟ ಮಾಡಿದ್ವಿ ಅಂತ ಆ ಕಾಗದ ಹೇಳುತ್ತೆ. ನೀನೂ ಹಾಗೇ ಹೇಳ್ತೀಯಾ?”

“ತೋಟ ಹೋಗುತ್ತೆ ಅವ್ವ,” ಎಂದ ಮಲ್ಲಿಕಾರ್ಜುನ. “ಹಳ್ಳದ ತೋಟ ಹೋಗುತ್ತೆ. ನಿಮಗೆ ಯಾರಿಗೂ ಅದು ಗೊತ್ತಾಗ್ತಾ ಇಲ್ಲ.”

“ಗೊತ್ತಾಗುತ್ತೆ. ನಾನೂ ಹುಟ್ಟಿದ ಮನೇಲಿ ಗಿಡ ನೆಟ್ಟು ಬಂದೋಳೇ. ನನ್ನ ಯಾರೂ ಕೇಳ್ಲಿಲ್ಲ.” ದ್ಯಾವಮ್ಮ ಅಷ್ಟು ಹೇಳಿ, ಕಾಲಿಗೆ ಅಂಟಿದ ಕಾಫಿ ಸಿಪ್ಪೆ ಒದರಿಕೊಂಡು ಒಳಗೆ ಹೋದರು. ಆ ರಾತ್ರಿಯ ಅಡುಗೆಗೆ ಉಪ್ಪು ಹೆಚ್ಚಾಗಿತ್ತು, ಯಾರೂ ದೂರು ಹೇಳಲಿಲ್ಲ.

ಮಾರ್ಚ್ ಆರಕ್ಕೆ ದಿವ್ಯಾ ಕರೆಸಿದ ಸಾಕ್ಷಿ ಒಬ್ಬರೇ. ಮಂಜಯ್ಯ ನಲವತ್ತು ವರ್ಷ ಆ ಕಟಕಟೆಯ ಎದುರು ನಿಂತು ಜನರನ್ನು ಬೆವರಿಳಿಸಿದವರು, ಅದರೊಳಗೆ ನಿಂತದ್ದು ಅದೇ ಮೊದಲು. ತಾರೀಕುಗಳನ್ನು ಒಂದೊಂದಾಗಿ ಹೇಳಿದರು. ತಾಯಿಯ ಸಾವು, ತಿಥಿ, ಆಷಾಢ, ಆಗಸ್ಟ್ ಹದಿನೆಂಟು.

ಶಾಂತವೀರಪ್ಪನವರು ಪಾಟೀಸವಾಲಿಗೆ ಎದ್ದರು. “ಮಳೆಗಾಲದಲ್ಲಿ ಮದುವೆ ಮಾಡಿದ ಬುದ್ಧಿವಂತರು ನೀವೇ ಅನ್ನಿ?”

“ನಾವೇ. ಬಂದವರ ಕೊಡೆ ಎಣಿಸಿದ್ರೆ ನೂರಾ ಎಂಬತ್ತಿದ್ವು. ಅದರಲ್ಲಿ ಒಂದು ನಿಮ್ಮದು. ಮರೆತು ಹೋಗಿದ್ರಿ, ಮಾರನೇ ವಾರ ನಾನೇ ತಂದುಕೊಟ್ಟೆ.”

ಕೋರ್ಟು ಈ ಸಲ ಜೋರಾಗಿ ನಕ್ಕಿತು. ನ್ಯಾಯಾಧೀಶರೂ ಕಡತದ ಹಿಂದೆ ಮುಖ ಇಟ್ಟುಕೊಂಡರು. ಶಾಂತವೀರಪ್ಪನವರಿಗೆ ಆ ಮದುವೆಯ ಹೋಳಿಗೆ ನೆನಪಾಯಿತೋ ಏನೋ, ಪತ್ರಿಕೆಯ ಮಾತು ಬಿಟ್ಟು ಪುಸ್ತಕ ಎತ್ತಿಕೊಂಡರು.

“ಇದನ್ನು ಬರೆದವರು ನೀವು?”

“ನಾನು.”

“ಅರವತ್ತನಾಲ್ಕನೇ ಪುಟದ ಉತ್ತರ ಓದಿ.”

ಮಂಜಯ್ಯ ಪುಸ್ತಕ ನೋಡದೆ ಹೇಳಿದರು. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ.

“ಈ ಜಿಲ್ಲೆಯ ವಕೀಲರೆಲ್ಲ ಇದನ್ನು ನಂಬಿ ಸಲಹೆ ಕೊಡುತ್ತಾರೆ ಅಂದರೆ ಒಪ್ಪುತ್ತೀರಾ?”

“ಒಪ್ತೀನಿ. ಅದೇ ನನ್ನ ಸಂಕಟ.” ಅವರು ಕಟಕಟೆಯ ಮರ ಹಿಡಿದುಕೊಂಡರು. “ಆ ಪುಟ ತಪ್ಪು. ತೀರ್ಪು ನಾನು ಬರೆಯೋಕೆ ಮೊದಲೇ ಬಂದಿತ್ತು, ಬೇರೆ ರಾಜ್ಯದ್ದು ಅಂತ ನಾನು ಬಿಚ್ಚಿ ನೋಡ್ಲಿಲ್ಲ. ನನ್ನ ಸೊಸೆ ನೋಡಿದ್ಲು. ಜನವರೀಲಿ ತೋರಿಸಿದ್ಲು. ಮೂರು ಸಲ ಓದಿದೆ, ಅವತ್ತೇ ಗೊತ್ತಾಯ್ತು. ಎರಡು ತಿಂಗಳು ಬಾಯಿ ಬಿಡದೆ ಕೂತೆ. ಪುಟ ಬರೆದದ್ದು ಅಜ್ಞಾನ. ಸುಮ್ಮನೆ ಕೂತದ್ದು ಅಹಂಕಾರ.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ಸಾಕ್ಷಿ ಕಾನೂನಿನ ಬಗ್ಗೆ ಅಭಿಪ್ರಾಯ ಹೇಳುವ ಹಾಗಿಲ್ಲ ಮಂಜಯ್ಯನವರೇ, ನಿಮಗೆ ಗೊತ್ತು. ಇದನ್ನು ಬರೆದುಕೊಳ್ಳೋದಿಲ್ಲ,” ಎಂದು ಸ್ವಲ್ಪ ತಡೆದು, “ಕೇಳಿಸಿಕೊಂಡೆ,” ಎಂದರು.

ಶಾಂತವೀರಪ್ಪನವರು ಮಲ್ಲಿಕಾರ್ಜುನನನ್ನು ಸಾಕ್ಷಿಗೆ ಕರೆಯಲು ತಿರುಗಿದರು. ಅವನು ಅವರ ಕೋಟಿನ ತೋಳು ಹಿಡಿದು ಎಳೆದ.

“ಬೇಡ ಸಾರ್. ಆ ಪತ್ರಿಕೆ ವಾಪಸ್ ತಗೊಳ್ಳಿ. ಕಾನೂನಿನ ಮೇಲೆ ಏನು ವಾದ ಇದೆಯೋ ಮಾಡಿ. ಅದರಲ್ಲಿ ಸೋತ್ರೆ ಸೋಲ್ತೀನಿ.”

ಏಪ್ರಿಲ್ ಎರಡನೇ ವಾರ ಆದೇಶ ಬಂತು. ಅಳೆದು ಕೈಗೆ ಕೊಡುವವರೆಗೆ ಪಾಲು ಮುಗಿದಿಲ್ಲ, ಅರ್ಜಿದಾರಳಿಗೆ ಅಪ್ಪ ಮತ್ತು ಅಣ್ಣನ ಸಮ ಪಾಲು. ಹದಿನಾಲ್ಕು ಪುಟದ ಆದೇಶ. ಧನ್ಯಶ್ರೀ ಕೋರ್ಟಿನ ಮೆಟ್ಟಿಲ ಮೇಲೆ ಅತ್ತಿಗೆಯನ್ನು ತಬ್ಬಿಕೊಂಡು, ಅಷ್ಟು ಜನರೆದುರು ಅಳುತ್ತ ನಗುತ್ತ ನಿಂತಳು. ಮರುದಿನದಿಂದ ಮಂಜಯ್ಯನವರ ಮನೆಯ ಫೋನು ಕೆಳಗಿಟ್ಟರೆ ಹೊಡೆದುಕೊಳ್ಳುತ್ತಿತ್ತು. ಕಡೂರಿನಿಂದ, ಕೊಪ್ಪದಿಂದ, ತರೀಕೆರೆಯಿಂದ ವಕೀಲರು. ಆದೇಶದ ನಕಲು ಕಳಿಸಿ, ತೀರ್ಪಿನ ಸಂಪುಟ ಯಾವುದು, ಪುಟ ಎಷ್ಟು? ಹಳೆಯ ಕಡತಗಳು ಅಟ್ಟದಿಂದ ಇಳಿಯತೊಡಗಿದವು.

ಮಂಜಯ್ಯ ಸೊಸೆಯನ್ನು ಕರೆದು ಖಾಲಿ ಹಾಳೆ ಕೊಟ್ಟರು. “ಅರವತ್ತನಾಲ್ಕು ನೀನೇ ಬರಿ. ಕೆಳಗೆ ನಿನ್ನ ಹೆಸರು ಹಾಕು.”

“ಯಾಕೆ ಮಾವ?”

“ನಾಳೆ ಇನ್ನೊಂದು ತೀರ್ಪು ಬಂದು ಅದೂ ತಪ್ಪಾದ್ರೆ ಬೈಸ್ಕೊಳ್ಳೋಕೆ ಒಬ್ಬರು ಬೇಕಲ್ಲ,” ಎಂದರು. ಹುಬ್ಬಿನ ಗಂಟು ಬಿಚ್ಚಿತ್ತು. ಆಮೇಲೆ ಒಂದು ಕಟ್ಟು ಇನ್‌ಲ್ಯಾಂಡ್ ಪತ್ರ ತರಿಸಿ, ತಾವು ವಾಪಸು ಕಳಿಸಿದ ಹೆಣ್ಣುಮಕ್ಕಳಿಗೆಲ್ಲ ನೆನಪಿಸಿಕೊಂಡು ಬರೆಯಲು ಕೂತರು. ಕಳಸದ ಭಾಗಮ್ಮ ಎಂಬಾಕೆಯಿಂದ ಮರುಟಪಾಲಿಗೇ ಉತ್ತರ ಬಂತು. ತನ್ನ ಕೇಸಿನಲ್ಲಿ ಹೋದ ವರ್ಷವೇ ಫೈನಲ್ ಡಿಕ್ರಿ ಆಯಿತು, ಇನ್ನು ಏನೂ ಆಗುವುದಿಲ್ಲವೆಂದು ಊರಿನ ವಕೀಲರು ಹೇಳಿದರು, ಆದರೂ ತಪ್ಪಾಯಿತೆಂದು ಬರೆದಿರಲ್ಲ, ಸಾಕು ಎಂದಿದ್ದಳು. ಆ ಕಾಗದ ಓದಿ ಮಂಜಯ್ಯ ಆವತ್ತು ಮಧ್ಯಾಹ್ನ ಊಟ ಬೇಡವೆಂದರು. ದ್ಯಾವಮ್ಮ ಬಲವಂತ ಮಾಡಲಿಲ್ಲ.

ಮಲ್ಲಿಕಾರ್ಜುನನ ಬಾಯಲ್ಲಿ ಮಾತ್ರ ಒಂದೇ ಮಾತು. “ಅಪೀಲು ಹಾಕ್ಬಹುದು ಅಂತಾರೆ ಶಾಂತವೀರಪ್ಪನವರು.”

“ಹಾಕಬಹುದು,” ಎಂದಳು ದಿವ್ಯಾ. ಈಗ ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. “ತಪ್ಪಲ್ಲ. ನಿಮ್ಮ ಹಕ್ಕು ಅದು.”

“ಹತ್ತು ವರ್ಷ ಆಗುತ್ತಾ?”

“ಆಗಬಹುದು.”

ಅವನು ಅನ್ನ ಕಲಸುತ್ತ ಕೂತ. ಹಾಕುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ದಾರಿಯ ತಕರಾರಿನಲ್ಲಿ ಚನ್ನಕೇಶವನೂ ಸೋತು ಒಪ್ಪಿದ. ಮೇ ತಿಂಗಳ ಕೊನೆಗೆ, ಮುಂಗಾರಿಗೆ ಮೊದಲೇ ಅಳತೆ ಮುಗಿಸಬೇಕೆಂದು ಕೋರ್ಟಿನ ಕಮಿಷನರು ಸರ್ವೆಯವರ ಜೊತೆ ಬಂದರು. ಮಂಜಯ್ಯನವರ ಹದಿನೆಂಟು ಎಕರೆಯನ್ನು ಮೂರು ಮಾಡಿ ಸುಣ್ಣದ ಗೆರೆ ಎಳೆದರು. ಮೇಲಿನ ಗುಡ್ಡ, ಮನೆ ಸುತ್ತಿನದು, ಹಳ್ಳದ ತೋಟ. ಯಾವುದು ಯಾರಿಗೆ ಎಂಬುದನ್ನು ನೀವೇ ಮನೆಯವರು ಒಪ್ಪಿಕೊಂಡರೆ ಹಾಗೇ ಬರೆಯುತ್ತೇನೆ, ಇಲ್ಲವಾದರೆ ಚೀಟಿ ಎತ್ತಿಸುತ್ತೇನೆ ಎಂದರು ಕಮಿಷನರು.

“ಚೀಟಿ ಎಂತಕ್ಕೆ ಸ್ವಾಮಿ?” ಎಂದ ಮೇಸ್ತ್ರಿ ಚಿಕ್ಕಯ್ಯ. ಮೂರು ತಲೆಮಾರಿನ ಪಾಲು ಕಂಡವನು ಅವನು. “ಈ ಕಡೆ ಪದ್ಧತಿ ಇದೆ. ಹಿರಿಯ ಪಾಲು ಮಾಡ್ಬೇಕು, ಕಿರಿಯ ಮೊದ್ಲು ಆರಿಸ್ಬೇಕು. ಕಿರಿಯವ್ರು ಮುಂದೆ ಬರ್ಲಿ.”

ಎಲ್ಲರೂ ಅಭ್ಯಾಸಬಲದಿಂದ ಮಲ್ಲಿಕಾರ್ಜುನನ ಕಡೆ ನೋಡಿದರು. ಆ ಪದ್ಧತಿಯಲ್ಲಿ ಕಿರಿಯ ಎಂದರೆ ಕಿರಿಯ ಗಂಡುಮಗ. ಅಲ್ಲಿಯವರೆಗೆ ಬೇರೆ ಅರ್ಥ ಯಾರಿಗೂ ಬೇಕಾಗಿರಲಿಲ್ಲ. ಕೋರ್ಟು ಎಷ್ಟು ಪಾಲು ಎಂದು ಹೇಳಿತ್ತೇ ಹೊರತು ಯಾರು ಮೊದಲು ಆರಿಸಬೇಕು ಎಂದು ಹೇಳಿರಲಿಲ್ಲ. ದಿವ್ಯಾ ಬಾಯಿ ತೆರೆದಳು, ದ್ಯಾವಮ್ಮ ಅವಳ ಮೊಣಕೈ ಹಿಡಿದು ಸುಮ್ಮನಿರಿಸಿದರು. ಧನ್ಯಶ್ರೀ ಸುಣ್ಣದ ಗೆರೆಯನ್ನೇ ನೋಡುತ್ತಿದ್ದಳು.

ಮಲ್ಲಿಕಾರ್ಜುನ ಎರಡು ಹೆಜ್ಜೆ ಮುಂದೆ ಬಂದ. ಹಳ್ಳದ ತೋಟದ ಕಡೆ ಒಂದು ಸಲ ನೋಡಿದ. ಮಾರ್ಚಿನ ಹೂವು ಉದುರಿ ಗಿಡದ ತುಂಬ ಎಳೆ ಕಾಯಿ ಕಚ್ಚಿತ್ತು.

“ಕಿರಿಯ ನಾನಲ್ಲ ಚಿಕ್ಕಯ್ಯ,” ಎಂದ. “ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು ಇಲ್ಲಿದ್ದಾಳೆ. ಧನ್ಯಾ, ಬಾ. ಮೊದ್ಲು ನೀನು ಆರಿಸು.”

“ಹಳ್ಳದ ತೋಟ,” ಎಂದಳು ಧನ್ಯಶ್ರೀ, ಅವನ ಮಾತು ಮುಗಿಯುವುದರೊಳಗೆ.

“ಒಂಚೂರು ಯೋಚ್ನೆ ಮಾಡಿದ ಹಾಗಾದ್ರೂ ಮಾಡ್ಬಾರ್ದಾ ಮಾರಾಯ್ತಿ?”

“ಹತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ ಅಣ್ಣ,” ಎಂದು ಅವಳು ಅವನ ಕೈ ಹಿಡಿದುಕೊಂಡಳು.